ಅಸರ್ ಕಳೆದು ಮಗ್ರಿಬ್‌ಗೆ ಮೊದಲು

ಮದುವೆಯ ಫೋಟೋ ತೆಗೆಯಲು ಯಾರಾದರೂ ದಿನ ಗೊತ್ತು ಮಾಡಿದರೆ ನಾವು ಮೊದಲು ನೋಡುವುದು ಗೋಡೆಯಲ್ಲಿ ತೂಗಿರುವ ನಮಾಝ್ ವೇಳಾಪಟ್ಟಿಯ ಕ್ಯಾಲೆಂಡರನ್ನು. ಅಂದಿನ ಮಗ್ರಿಬ್ ಬಾಂಗಿನ ಸಮಯದಿಂದ ಹಿಂದಕ್ಕೆ ಎಣಿಸುತ್ತೇವೆ. ಮಂಗಳೂರಿನಲ್ಲಿ ಡಿಸೆಂಬರ್ ಆದರೆ ಆರು ಗಂಟೆ ದಾಟಿ ಸ್ವಲ್ಪದರಲ್ಲೇ ಸೂರ್ಯ ಮುಳುಗುತ್ತಾನೆ. ಮೇ ತಿಂಗಳಾದರೆ ಏಳಕ್ಕೆ ಹತ್ತು ನಿಮಿಷ ಇರುವವರೆಗೂ ಬೆಳಕು ಉಂಟು. ಛಾಯಾಗ್ರಾಹಕರು 'ಗೋಲ್ಡನ್ ಅವರ್' ಎನ್ನುವುದು ಈ ಹೊತ್ತನ್ನೇ. ಹೆಸರು ಮಾತ್ರ ಅವರ್. ಸೂರ್ಯ ಕ್ಷಿತಿಜದಿಂದ 6 ಡಿಗ್ರಿ ಎತ್ತರದಲ್ಲಿರುವಾಗ ಆರಂಭಿಸಿದರೆ ನಮ್ಮ ಕರಾವಳಿಯಲ್ಲಿ ಅವನು ಮುಳುಗಲು ಸುಮಾರು 25 ನಿಮಿಷ ಸಾಕು. ಲಂಡನಿನಂತಹ ಊರಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ, ಆದ್ದರಿಂದ ಅಲ್ಲಿಯವರಿಗೆ ಹೆಚ್ಚು ಸಮಯ ಸಿಗುತ್ತದೆ. ನಮ್ಮ ಸೂರ್ಯ ಬಾವಿಗಿಳಿಸಿದ ಕೊಡದಂತೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ.

ನಾವಿಬ್ಬರು ಅಕ್ಕತಂಗಿಯರು. ಒಬ್ಬಳದು ಕ್ಯಾಮರಾ, ಇನ್ನೊಬ್ಬಳದು ಬೆಳಕು ತಿರುಗಿಸುವ ಬಿಳಿ ಥರ್ಮಾಕೋಲ್ ಹಾಳೆ. ಹೆಂಗಸರೇ ಫೋಟೋ ತೆಗೆಯಬೇಕು ಎನ್ನುವ ಮನೆಗಳಿಂದ ನಮಗೆ ಕೆಲಸ ಸಿಕ್ಕಿತು. ಮದುಮಗಳ ಚಿತ್ರಗಳನ್ನು ಬೇರೆ ಯಾರಿಗೂ ತೋರಿಸುವುದಿಲ್ಲ ಎಂಬ ಮಾತಿನ ಮೇಲೆಯೇ ನಮ್ಮ ವ್ಯವಹಾರ ನಿಂತಿದೆ.

ಸಂಜೆಯ ಬೆಳಕಿನಲ್ಲಿ ಅಂಥದ್ದೇನಿದೆ ಎಂದು ಕೇಳುವವರಿದ್ದಾರೆ. ನೆತ್ತಿಯ ಮೇಲಿನ ಸೂರ್ಯನಿಗಿಂತ ಕ್ಷಿತಿಜದ ಸೂರ್ಯನ ಬೆಳಕು ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ಹಾಯ್ದು ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗುತ್ತದೆ, ಹಳದಿ ಕೆಂಪು ಉಳಿಯುತ್ತವೆ. ಮಧ್ಯಾಹ್ನದ ಬಿಸಿಲು ಕಣ್ಣ ಕೆಳಗೆ ಗುಳಿ ತೋಡಿದಂತೆ ನೆರಳು ಹಾಕಿದರೆ ಈ ಬೆಳಕು ಬದಿಯಿಂದ ಬಂದು ಕೆನ್ನೆಯನ್ನು ಮೆಲ್ಲಗೆ ಮುಟ್ಟುತ್ತದೆ. ಕಪ್ಪು ಮೈಬಣ್ಣದವರ ಮುಖ ಈ ಹೊತ್ತಿನಲ್ಲಿ ಕಾಣುವಷ್ಟು ಚೆನ್ನಾಗಿ ಇನ್ಯಾವ ಬೆಳಕಿನಲ್ಲೂ ಕಾಣುವುದಿಲ್ಲ ಎಂಬುದು ನಮ್ಮ ಅನುಭವ. ಕ್ಯಾಮರಾದ ಬಣ್ಣದ ಹೊಂದಾಣಿಕೆಯನ್ನು 'ಆಟೋ'ದಲ್ಲಿ ಬಿಟ್ಟರೆ ಮಾತ್ರ ಅದು ಈ ಬಂಗಾರವನ್ನು ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ! ಹಗಲಿನ ಬೆಳಕಿನ ಅಳತೆ, ಅಂದರೆ 5500 ಕೆಲ್ವಿನ್ ಆಸುಪಾಸಿಗೆ ನಾವೇ ಇಡಬೇಕು.

ಇದೇ ಹೊತ್ತಿನ ಬಗ್ಗೆ ನಮ್ಮ ಫಿಕ್ಹ್‌ನಲ್ಲಿ ಬೇರೆಯೇ ಮಾತಿದೆ. ನಡುಹಗಲ ನೆರಳನ್ನು ಕಳೆದು, ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಶಾಫಿ ಮದ್‌ಹಬಿನವರಿಗೆ ಅಸರ್ ಸಮಯ. ಹನಫಿಗಳಲ್ಲಿ ಪ್ರಚಲಿತ ಅಭಿಪ್ರಾಯದಂತೆ ಎರಡು ಪಟ್ಟಾದಾಗ. ಆದರೆ ಸೂರ್ಯ ಹಳದಿಯಾಗುವವರೆಗೆ ಅಸರನ್ನು ಸುಮ್ಮನೆ ತಳ್ಳುವುದು ಕರಾಹತ್. ನಾವು ಕಾದು ಕುಳಿತುಕೊಳ್ಳುವ ಹಳದಿ ಅದುವೇ.

ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರ್. ಮಧ್ಯಾಹ್ನ ನಿಕಾಹ್, ಊಟ, ನೆಂಟರ ಜೊತೆ ಮುಗಿಯದ ಗ್ರೂಪ್ ಫೋಟೋ. ಉಳ್ಳಾಲದ ಕಡಲ ಬದಿಯ ನೆಂಟರ ಮನೆಗೆ ತಲುಪುವಾಗ ಐದೂಮುಕ್ಕಾಲು. ಬೆಳಕು ಆಗಲೇ ಜೇನಿನ ಬಣ್ಣಕ್ಕೆ ತಿರುಗಿತ್ತು. ಮದುಮಗನನ್ನು ತೆಂಗಿನ ಮರದ ಬಳಿ ನಿಲ್ಲಿಸಿ ಲೆನ್ಸ್ ಸರಿಮಾಡುತ್ತಿದ್ದೆವು. ಅವಳು ಕಾರಿನಿಂದಿಳಿದವಳೇ, "ಅಕ್ಕಾ, ನನ್ನ ಅಸರ್ ಆಗಿಲ್ಲ" ಎಂದಳು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಾರ್ಲರಿನಲ್ಲಿ ಮೂರು ತಾಸು ಕೂತು ಮಾಡಿಸಿದ ಮುಖ. ಅದರ ಮೇಲೆ ವುಝೂ ಆಗುವುದಿಲ್ಲ, ನೀರು ಚರ್ಮಕ್ಕೆ ತಾಗಬೇಕಲ್ಲ. "ಕಳಾ ಮಾಡಿದರಾಯಿತು ಮಗಳೇ, ಇವತ್ತೊಂದು ದಿನ" ಎಂದರು ಅವಳ ಚಿಕ್ಕಮ್ಮ. ನಮ್ಮ ಮನಸ್ಸಿನಲ್ಲಿದ್ದದ್ದೂ ಅದೇ ಎಂದು ಒಪ್ಪಿಕೊಳ್ಳಬೇಕು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಅವಳು ವಾದ ಮಾಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾವಿಕಟ್ಟೆಗೆ ಹೋದಳು. ಸೋಪು ಕೇಳಿದಳು.

ಹತ್ತು ಹದಿನೈದು ನಿಮಿಷ ನಾವು ಸೂರ್ಯನನ್ನು ನೋಡುತ್ತಾ ನಿಂತೆವು. ಮದುಮಗ ಪಾಪ, ಮರಳಿನಲ್ಲಿ ಬೂಟಿನಿಂದ ಗೆರೆ ಎಳೆಯುತ್ತಿದ್ದ. ಅವಳು ಹೊರಗೆ ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ಹಣೆಯ ಅಂಚಿನ ಕೂದಲು ಒದ್ದೆಯಾಗಿತ್ತು. ಅವಳ ನಿಜವಾದ ಬಣ್ಣ ನಮಗೆ ಕಂಡದ್ದೇ ಆಗ. ಕಪ್ಪು ಹುಡುಗಿ. ಸೂರ್ಯ ನೀರಿಗೆ ತಾಗುವಷ್ಟರಲ್ಲಿದ್ದ. ಸಿಕ್ಕಿದ್ದು ಹತ್ತೋ ಹನ್ನೆರಡೋ ಚಿತ್ರ. ಅದರಲ್ಲೊಂದರಲ್ಲಿ ಮದುಮಗ ಅವಳಿಗೆ ಏನೋ ಹೇಳುತ್ತಾನೆ, ಅವಳು ನಗುವನ್ನು ತಡೆಯಲು ತುಟಿ ಕಚ್ಚಿದ್ದಾಳೆ. ಅಷ್ಟರಲ್ಲಿ ಬಾಂಗು ಕೇಳಿಸಿತು.

ಆ ಮೇಲೆ ಆದದ್ದು ನಮ್ಮ ತಪ್ಪು. ಕಂಪ್ಯೂಟರಿನಲ್ಲಿ ನಾವು ಎಲ್ಲ ಮದುಮಗಳಂದಿರಿಗೂ ಮಾಡುವುದನ್ನು ಇವಳಿಗೂ ಮಾಡಿದೆವು. ಮುಖ ತಿಳಿಯಾಗಿಸುವುದು, ಎರಡು ಬಣ್ಣ ಏರಿಸುವುದು. ಹತ್ತರಲ್ಲಿ ಎಂಟು ಮನೆಯವರು "ಸ್ವಲ್ಪ ಬೆಳ್ಳಗೆ ಮಾಡಿ" ಎಂದು ತಾವಾಗಿಯೇ ಹೇಳುತ್ತಾರೆ. ಹೇಳದಿದ್ದರೂ ಮಾಡುವುದು ನಮಗೆ ಅಭ್ಯಾಸವಾಗಿಬಿಟ್ಟಿತ್ತು. ಆಲ್ಬಂ ತಲುಪಿದ ಮೂರನೆಯ ದಿನ ಫೋನ್ ಬಂತು.

"ಅಕ್ಕಾ, ಇದರಲ್ಲಿರುವುದು ಯಾರು?"

ನಾವು ತಮಾಷೆ ಎಂದುಕೊಂಡೆವು. ಅವಳು ನಗುತ್ತಿರಲಿಲ್ಲ. "ಮುಖ ತೊಳೆದು ಬಂದದ್ದು ನಾನಲ್ಲವಾ? ನೀವು ಪುನಃ ಬಳಿದು ಕಳಿಸಿದ್ದೀರಲ್ಲ. ಇವರೂ ಆಲ್ಬಂ ನೋಡಿ, ಇದು ನೀನಲ್ಲ ಅಂದರು."

ಉತ್ತರ ಹೊಳೆಯಲಿಲ್ಲ. ಚಿಕ್ಕಮ್ಮ ಹೇಳಿದ್ದರು ಎಂದು ಸುಳ್ಳು ಹೇಳಬಹುದಿತ್ತು, ಅವರು ಹೇಳಿರಲಿಲ್ಲ. ಮೂಲ ಚಿತ್ರಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆವು. ನಾವು ತಿದ್ದಿದ್ದರಲ್ಲಿ ಕೆನ್ನೆಯ ಮೇಲಿನ ಹೊಂಬಣ್ಣವೂ ತೊಳೆದುಹೋಗಿತ್ತು. ಬಿಸಿಲೇ ಇಲ್ಲದ ಮುಖದ ಹಿಂದೆ ಮುಳುಗುವ ಸೂರ್ಯ. ಇಪ್ಪತ್ತೈದು ನಿಮಿಷಕ್ಕಾಗಿ ಅಷ್ಟೆಲ್ಲ ಒದ್ದಾಡಿದ್ದು ಇದಕ್ಕೇ? ನಮ್ಮ ಖರ್ಚಿನಲ್ಲೇ ಆಲ್ಬಂ ಹೊಸದಾಗಿ ಮುದ್ರಿಸಿ ಕೊಟ್ಟೆವು. ಹಳೆಯದನ್ನು ಅವಳೇ ವಾಪಸು ಕೊಟ್ಟಳು, ಹರಿದು ಹಾಕಿದೆವು.

ಈಗ ಮದುವೆ ಹಿಡಿಯುವಾಗ ಎರಡು ಪ್ರಶ್ನೆ ಹೆಚ್ಚಾಗಿವೆ. ಅಸರ್ ಎಲ್ಲಿ ನಿರ್ವಹಿಸುತ್ತೀರಿ, ಮುಖದ ಬಣ್ಣ ಮುಟ್ಟಬೇಕೇ ಬೇಡವೇ. ಎರಡನೆಯದನ್ನು ಮದುಮಗಳ ಬಾಯಿಂದಲೇ ಕೇಳಿಸಿಕೊಳ್ಳುತ್ತೇವೆ. ಈ ಹಟದಿಂದ ಕೆಲವು ಮದುವೆಗಳು ಕೈತಪ್ಪಿದ್ದೂ ಉಂಟು. ನಮ್ಮ ಕೆಲಸದ ಮಾದರಿ ತೋರಿಸಿ ಎನ್ನುವವರಿಗೆ ತುಟಿ ಕಚ್ಚಿದ ಆ ಚಿತ್ರವನ್ನೇ ತೋರಿಸಬೇಕೆಂದು ಆಸೆಯಾಗುತ್ತದೆ. ಮಾತು ಕೊಟ್ಟಿದ್ದೇವೆ, ತೋರಿಸುವಂತಿಲ್ಲ. ಮದುಮಗ ಬೂಟಿನಿಂದ ಮರಳಿನಲ್ಲಿ ಎಳೆದ ಗೆರೆಗಳದ್ದೂ ಒಂದು ಫೋಟೋ ಅಂದು ತೆಗೆದಿದ್ದೆವು. ಸದ್ಯ ಅದನ್ನು ತೋರಿಸುತ್ತೇವೆ.