ಮನಿಲಾದ ಚಿತ್ರಸೌಧವೂ ಒಬ್ಬ ವಾಮನನೂ

ಮನಿಲಾ ಕೊಲ್ಲಿಯ ಸೂರ್ಯಾಸ್ತಮಾನವು ಲೋಕಪ್ರಸಿದ್ಧವಾದುದು. ರೋಕ್ಸಾಸ್ ಬುಲೆವಾರ್ಡ್ ಎಂಬ ಕಡಲಂಚಿನ ಹೆದ್ದಾರಿಯಲ್ಲಿ ಸಂಜೆ ನಿಂತವರು ಪಡುವಣದಿಂದ ಕಣ್ಣು ಕೀಳಲಾರರು. ನನ್ನನ್ನು ಸೆಳೆದದ್ದು ಮಾತ್ರ ಸೂರ್ಯನಲ್ಲ. ಎಡಕ್ಕೆ, ಕಡಲನ್ನು ತುಂಬಿ ಪಡೆದ ನೆಲದ ಮೇಲೆ, ಗ್ರೀಸಿನ ಪಾರ್ಥೆನಾನ್ ದೇವಾಲಯವನ್ನು ಹೋಲುವಂತೆ ಕಟ್ಟಿದ ಮನಿಲಾ ಫಿಲಂ ಸೆಂಟರ್.

ಕನ್ನಡ ಪಾಠ ಹೇಳುವವನಿಗೆ ಇದೆಂತಹ ತೀರ್ಥಯಾತ್ರೆ ಎಂದು ವಾಚಕರು ಹುಬ್ಬೇರಿಸಬಹುದು. ನನ್ನ ಬಾಲ್ಯದಲ್ಲಿ ವಿಡಿಯೋ ಕ್ಯಾಸೆಟ್ಟಿನ ಕಾಲ ಮುಗಿಯುತ್ತ ಬಂದಿತ್ತು. ಆದರೂ ನಮ್ಮ ಬಡಾವಣೆಯ ಬಾಡಿಗೆ ಅಂಗಡಿಯಲ್ಲಿ 1980ರ ದಶಕದ ಅಗ್ಗದ ಹೊಡೆದಾಟದ ಚಿತ್ರಗಳು ಧೂಳು ಹೊತ್ತು ಉಳಿದಿದ್ದವು. ಕಥೆಗೆ ತಲೆಯಿಲ್ಲ, ಬುಡವಿಲ್ಲ. ತುಟಿಗೂ ಮಾತಿಗೂ ಸಂಬಂಧವಿಲ್ಲ. ಬಿದಿರ ಗುಡಿಸಲುಗಳು ಸಿಡಿದುಹೋಗಲೆಂದೇ ಹುಟ್ಟಿದಂತಿದ್ದವು. ಅವುಗಳಲ್ಲಿ ವಿಯೆಟ್ನಾಮಿನ ಕಾಡೆಂದು ತೋರಿಸಿದ್ದು ಅನೇಕ ವೇಳೆ ಫಿಲಿಪೀನ್ಸಿನ ಕಾಡು. 1976ರಲ್ಲಿ ಕೊಪ್ಪೊಲಾ ತಮ್ಮ 'ಅಪಾಕಲಿಪ್ಸ್ ನೌ' ಚಿತ್ರಕ್ಕೆ ಅಧ್ಯಕ್ಷ ಮಾರ್ಕೋಸರ ಸೇನೆಯ ಹೆಲಿಕಾಪ್ಟರುಗಳನ್ನೇ ಎರವಲು ಪಡೆದರು. ಸಣ್ಣ ನಿರ್ಮಾಪಕರಿಗೂ ಅದೇ ಕಾಡು, ಅಗ್ಗದ ಕೂಲಿ, ಇಂಗ್ಲಿಷ್ ಬಲ್ಲ ಕೆಲಸಗಾರರು ದೊರೆತರು. 1985ರ 'ಅಮೆರಿಕನ್ ನಿಂಜಾ' ತಯಾರಾದದ್ದು ಇಲ್ಲಿಯೇ.

ಇನ್ನು ಸೌಧದ ಕಥೆ. ಅಧ್ಯಕ್ಷರ ಪತ್ನಿ ಇಮೆಲ್ಡಾ ಮಾರ್ಕೋಸರಿಗೆ ತಮ್ಮ ರಾಜಧಾನಿ ಏಷ್ಯಾದ ಕಾನ್ ಆಗಬೇಕೆಂಬ ಹಂಬಲ. 1982ರ ಜನವರಿಯಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವವೆಂದು ನಿಶ್ಚಯವಾಯಿತು. ಅಷ್ಟರೊಳಗೆ ಅರಮನೆ ಏಳಬೇಕು. ಸಾವಿರಾರು ಕೂಲಿಗಳು ಮೂರು ಪಾಳಿಗಳಲ್ಲಿ ಹಗಲಿರುಳೆನ್ನದೆ ದುಡಿದರು. 1981ರ ನವೆಂಬರ್ 17ರ ನಸುಕಿನಲ್ಲಿ ಸಾರುವೆ ಕುಸಿದು, ದುಡಿಯುತ್ತಿದ್ದವರು ಹಸಿ ಕಾಂಕ್ರೀಟಿನೊಳಗೆ ಬಿದ್ದರು. ನೆರವಿಗೆ ಬಂದವರನ್ನು ಗಂಟೆಗಟ್ಟಲೆ ಒಳಗೆ ಬಿಡಲಿಲ್ಲ. ಸತ್ತವರು ಬೆರಳೆಣಿಕೆಯವರೆಂದು ಕೆಲವರು, ನೂರಕ್ಕೂ ಮಿಗಿಲೆಂದು ಕೆಲವರು. ಲೆಕ್ಕ ಇಂದಿಗೂ ಇತ್ಯರ್ಥವಾಗಿಲ್ಲ. ಉತ್ಸವವಂತೂ ಗೊತ್ತಾದ ದಿನಕ್ಕೇ ನಡೆಯಿತು.

ವಿಧಿಯ ವಿನೋದವನ್ನು ನೋಡಿ! ಆ ಉತ್ಸವದಲ್ಲಿ ಪರದೇಶದ ವ್ಯಾಪಾರಿಗಳು ಆಸೆಪಟ್ಟು ಕೊಂಡ ಫಿಲಿಪೀನೀ ಚಿತ್ರ ಯಾವ ಮಹಾಕೃತಿಯೂ ಅಲ್ಲ. ಜೇಮ್ಸ್ ಬಾಂಡನ ಅಣಕವಾದ 'ಫಾರ್ ಯೂರ್ ಹೈಟ್ ಓನ್ಲಿ'. ನಾಯಕ ವೆಂಗ್ ವೆಂಗ್. ಎತ್ತರ 2 ಅಡಿ 9 ಅಂಗುಲ. ಬಿಳಿಯ ಸೂಟು ಧರಿಸಿ, ದಾಂಡಿಗರ ಕಾಲುಗಳ ನಡುವೆ ನುಸುಳಿ, ತನ್ನ ಕೈಗೆ ಎಟುಕುವ ಮರ್ಮಸ್ಥಾನಕ್ಕೆ ಗುದ್ದಿ ಅವರನ್ನು ಕೆಡಹುತ್ತಾನೆ. ಎತ್ತರದ ಕಟ್ಟಡದಿಂದ ಛತ್ರಿ ಹಿಡಿದು ಧುಮುಕುತ್ತಾನೆ. ನಗದಿರಲು ಸಾಧ್ಯವಿಲ್ಲ. ಆದರೆ ನಗುತ್ತ ನಗುತ್ತಲೇ ಅವನ ಪಕ್ಷ ವಹಿಸಿಬಿಡುತ್ತೇವೆ. ಮೂರು ಹೆಜ್ಜೆ ನೆಲ ಬೇಡಿದವನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ.

ಚಿತ್ರದ ನಿರ್ದೇಶಕ ಎಡ್ಡಿ ನಿಕಾರ್ಟ್ ಸ್ವತಃ ಸಾಹಸದೃಶ್ಯಗಳಲ್ಲಿ ಬಿದ್ದೆದ್ದ ಕಸುಬುದಾರ. ಈ ಚಿತ್ರಗಳ ಆಕರ್ಷಣೆಯ ಗುಟ್ಟು ನನಗೆ ಹೊಳೆದದ್ದು ಆ ಸಂಗತಿಯಿಂದ. ಹಣವಿಲ್ಲದವನಿಗೆ ಮರೆಮಾಚುವ ಸಾಮರ್ಥ್ಯವೂ ಇರುವುದಿಲ್ಲ. ಮಹಡಿಯಿಂದ ಉರುಳಿದ ಖಳ ನಿಜವಾಗಿಯೇ ಉರುಳಿದ್ದಾನೆ. ಎದ್ದು, ಮೈ ಕೊಡವಿಕೊಂಡು, ಅಂದಿನ ಕೂಲಿ ಪಡೆದು ಮನೆಗೆ ಹೋಗಿದ್ದಾನೆ. ಬಯಲಾಟದ ರಕ್ಕಸನ ಬಣ್ಣದಡಿಯಲ್ಲಿ ನಮ್ಮೂರಿನ ಬಡಗಿಯನ್ನು ಗುರುತಿಸುವ ಸಂತೋಷ ಇದು. ಅದೇ ದುಡಿಮೆಯನ್ನು ಆ ಸೌಧ ತನ್ನ ಕಂಬಗಳ ಕೆಳಗೆ ಹೂತಿಟ್ಟಿತು.

ಸೌಧಕ್ಕೆ ಬಾಳಿಕೆ ಬರಲಿಲ್ಲ. ಉತ್ಸವ 1983ರಲ್ಲಿ ಇನ್ನೊಮ್ಮೆ ನಡೆದು ನಿಂತಿತು. 1986ರಲ್ಲಿ ಮಾರ್ಕೋಸರು ದೇಶ ಬಿಟ್ಟೋಡಿದರು. 1990ರ ಭೂಕಂಪದ ಮೇಲೆ ಕಟ್ಟಡ ವರ್ಷಗಟ್ಟಲೆ ಪಾಳುಬಿತ್ತು. ವೆಂಗ್ ವೆಂಗನೂ ಸುಖಪಡಲಿಲ್ಲ. ಅವನ ಹೆಸರಿನಲ್ಲಿ ಗಳಿಕೆಯಾಯಿತು, ಅವನ ಕೈಗೆ ಬಂದದ್ದು ಅತ್ಯಲ್ಪವೆಂದು ಬಲ್ಲವರ ಮಾತು. 1992ರಲ್ಲಿ, 34ರ ಹರೆಯದಲ್ಲಿ ತೀರಿಕೊಂಡನು.

ಅವನು ಹುಟ್ಟಿದ ಬಕ್ಲಾರಾನ್ ಬಡಾವಣೆ ಅಲ್ಲಿಂದ ದೂರವಲ್ಲ. ಟ್ಯಾಕ್ಸಿ ಹಿಡಿದು ಹೊರಟೆ. ಫಿಲಂ ಸೆಂಟರಿನ ಮುಂದೆ ಹಾದುಹೋಗುವಾಗ ನಡುವಯಸ್ಸಿನ ಚಾಲಕ ಮಾತು ನಿಲ್ಲಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಸ್ವಲ್ಪ ಮುಂದೆ ಹೋಗಿ ನಾನು ವೆಂಗ್ ವೆಂಗನ ಹೆಸರೆತ್ತಿದೆ. ಆತ ಗಹಗಹಿಸಿ ನಕ್ಕು, ಒಂದು ಕೈಯನ್ನು ಚಕ್ರದಿಂದ ತೆಗೆದು, ಆಸನದ ಪಕ್ಕದಲ್ಲಿ ಅಷ್ಟೆತ್ತರಕ್ಕೆ ಹಿಡಿದು ತೋರಿಸಿದ.