ಲೆಕ್ಕಕ್ಕೆ ಬಾರದ ಕಾಯಕ

ನಮ್ಮೂರು ಕಿನ್ನಾಳ. ಪರಸ್ಥಳದಲ್ಲಿ ಊರಿನ ಹೆಸರು ಹೇಳಿದೊಡನೆ “ಗೊಂಬೆಗಳ ಕಿನ್ನಾಳವೇ?” ಎಂದು ಕೇಳುವವರುಂಟು. ಹೌದೆಂದು ಹೆಮ್ಮೆಪಡುತ್ತ ಬಂದ ನಾವು ಆ ಗೊಂಬೆಗಳ ವಿಷಯದಲ್ಲಿ ಎಷ್ಟು ಅಜ್ಞಾನಿಗಳೆಂಬುದು ಮಗಳ ಕಾಲೇಜಿನ ಒಂದು ವರದಿಯಿಂದ ತಿಳಿಯಬೇಕಾಯಿತು.

ಕೊಪ್ಪಳದಲ್ಲಿ ಬಿ.ಬಿ.ಎ. ಓದುತ್ತಿರುವ ಅವಳು ಜಿಲ್ಲೆಯ ಒಂದು ದೊಡ್ಡ ಕಾರ್ಖಾನೆಯನ್ನೂ ಒಂದು ಸಣ್ಣ ಉದ್ದಿಮೆಯನ್ನೂ ಅಭ್ಯಸಿಸಿ ಹೋಲಿಸಬೇಕಿತ್ತು. ದೊಡ್ಡದರ ಕೆಲಸ ಒಂದೇ ಸಂಜೆಯಲ್ಲಿ ಮುಗಿಯಿತು. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ 1991ರಲ್ಲಿ ಸ್ಥಾಪನೆಯಾದ ಕಂಪನಿ. ಬೀಡುಕಬ್ಬಿಣ, ಎರಕದ ಭಾಗಗಳು ಅದರ ಉತ್ಪನ್ನ. ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಅದರ ವಾರ್ಷಿಕ ವರದಿ ಯಾರಿಗೆ ಬೇಕಾದರೂ ದೊರೆಯುತ್ತದೆ. ವಹಿವಾಟು, ಲಾಭ, ಸಾಲ, ನೌಕರರ ವೆಚ್ಚ ಎಲ್ಲವೂ ಅಚ್ಚಾಗಿ ಕೈಗೆ ಬಂದವು.

ಸಣ್ಣ ಉದ್ದಿಮೆಗೆಂದು ಊರಿನ ಚಿತ್ರಗಾರರ ಮನೆಯೊಂದಕ್ಕೆ ಹೋದೆವು. ಮಗಳು ಕಾಲೇಜಿನವರು ಕೊಟ್ಟ ನಮೂನೆಯನ್ನು ಬಿಚ್ಚಿ, “ಕಾಕಾ, ನಿಮ್ಮ ವಾರ್ಷಿಕ ವಹಿವಾಟು ಎಷ್ಟು?” ಎಂದಳು. ಅವರು ನಕ್ಕುಬಿಟ್ಟರು. “ಯವ್ವಾ, ವರ್ಷದ್ದು ಯಾರು ಬರದಿಡತಾರ? ಬಂದದ್ದು ಬಂದಂಗ ಖರ್ಚಾಗತೈತಿ.”

ನಮೂನೆ ಮಡಚಿಟ್ಟು ನೋಡುತ್ತ ಕುಳಿತೆವು. ಹಗುರವಾದ ಪೊಳಕಿ ಮರವನ್ನು ಕೊರೆದು ಬಿಡಿಭಾಗ ಮಾಡುತ್ತಾರೆ. ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಹಾಗೂ ಹುಣಸೆಬೀಜದ ಅಂಟಿನೊಡನೆ ಕಲಸಿದರೆ ಕಿಟ್ಟವಾಗುತ್ತದೆ. ಕೂಡಿಸಿದ ಭಾಗಗಳ ಮೇಲೆ ಅದನ್ನು ಹಚ್ಚುತ್ತಾರೆ. ಮೇಲೆ ಬಟ್ಟೆಯ ಚೂರುಗಳ ಲೇಪ, ಆಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಕಡೆಗೆ ಬಣ್ಣ. ದೇವತೆಯ ಒಡವೆಗಳು ಉಬ್ಬಿ ಕಾಣುವುದು ಕೂಡ ಆ ಕಲ್ಲಿನ ಪುಡಿಯಿಂದಲೇ. ಪ್ರತಿಯೊಂದು ಲೇಪವೂ ಒಣಗುವವರೆಗೆ ಕಾಯಲೇಬೇಕು. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳು ತಮ್ಮ ಹಿರಿಯರ ಕೈಯವೆಂದು ಈ ಮನೆತನಗಳ ನಂಬಿಕೆ. ಇಂದು ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ.

“ಕಿಟ್ಟ ಅರಿಯೋರು ಯಾರು, ಕಾಕಾ?”

“ಮನ್ಯಾಗಿನ ಹೆಣ್ಮಕ್ಕಳು. ಅವರಿಗೇನು ಪಗಾರ ಕೊಡತೀವೇನವಾ?”

ಮಗಳು ಅದನ್ನು ಬರೆದುಕೊಂಡಳು. ರಾತ್ರಿ ಮನೆಯಲ್ಲಿ ಒಂದು ಕಾಮಧೇನುವಿನ ಲೆಕ್ಕ ಹಾಕಿದಳು. ಮರ, ಬಣ್ಣ, ಅಂಟಿನ ಖರ್ಚಿನ ಜೊತೆಗೆ ಗಂಡಸಿನ ದಿನಗಳನ್ನೂ ಹೆಂಗಸರ ದಿನಗಳನ್ನೂ ಹೊಲದ ಕೂಲಿಯ ದರದಲ್ಲಿ ಕೂಡಿಸಿದಳು. ಹೊಲದ ಕೂಲಿಯೇ ಏಕೆಂದರೆ ಈ ಕುಶಲತೆಗೆ ನಮ್ಮಲ್ಲಿ ಬೇರೆ ದರವೇ ಇಲ್ಲ! ಮೊತ್ತವನ್ನು ನೋಡಿ ಅವಳು ಗೂಡಿನತ್ತ ತಿರುಗಿದಳು. ಅಲ್ಲಿ ನಮ್ಮದೇ ಕಾಮಧೇನು ಇತ್ತು.

“ಅಪ್ಪಾ, ಇದಕ್ಕ ಎಷ್ಟು ಕೊಟ್ಟಿದ್ರಿ?”

ಅದೇ ಮನೆಯಲ್ಲಿ, ಅರ್ಧ ಗಂಟೆ ಚೌಕಾಸಿ ಮಾಡಿ, ಅವಳ ಲೆಕ್ಕದ ಅರ್ಧಕ್ಕೂ ಕಡಿಮೆ ಬೆಲೆಗೆ ತಂದದ್ದು. ಪ್ರತಿ ಬಸವ ಜಯಂತಿಯಲ್ಲಿ ಕಾಯಕದ ಮಹಿಮೆ ಕುರಿತು ನಾಲ್ಕು ಮಾತಾಡುವ ನಮಗೆ ಉತ್ತರ ತೋಚಲಿಲ್ಲ.

ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರನ್ನು ಸರಕಾರ 2020ರಲ್ಲಿ ಪ್ರಕಟಿಸಿತು. ಐದು ಸಾವಿರ ಕೋಟಿ ರೂಪಾಯಿಗಳ ಹೂಡಿಕೆ, ನಲವತ್ತು ಸಾವಿರ ಉದ್ಯೋಗಗಳ ನಿರೀಕ್ಷೆಯನ್ನು ಆಗ ಹೇಳಲಾಗಿತ್ತು. ಕಾರ್ಖಾನೆಯ ಅಚ್ಚಿನ ಆಟಿಕೆಗೂ ಈ ಗೊಂಬೆಗೂ ಸ್ಪರ್ಧೆಯೇ ಇಲ್ಲವೆನ್ನುವವರಿದ್ದಾರೆ. ಕೊಳ್ಳುವವರು ಪಕ್ಕದಲ್ಲಿಟ್ಟು ಬೆಲೆ ಕೇಳುವುದಂತೂ ನಿಜ, ನಾವು ಕೇಳಿದಂತೆಯೇ.

ವರದಿಯಲ್ಲಿ ಮಗಳು ಕಾಲೇಜಿನ ನಮೂನೆಯಲ್ಲಿಲ್ಲದ ಒಂದು ಸಾಲನ್ನು ತಾನೇ ಸೇರಿಸಿದಳು: ಮನೆಯ ಹೆಣ್ಣುಮಕ್ಕಳ ದುಡಿಮೆ. ಅಂಕ ಕಡಿಮೆಯಾದೀತೆಂದು ನಾವು ಎಚ್ಚರಿಸಿದರೂ ತೆಗೆಯಲಿಲ್ಲ.

ಮರುವಾರ ಉಳಿದ ಹಣ ಹಿಡಿದು ಚಿತ್ರಗಾರರಲ್ಲಿಗೆ ಹೋದೆವು. ಅವರು ಮುಟ್ಟಲಿಲ್ಲ. “ಅದು ಮುಗಿದ ವ್ಯಾಪಾರ, ಅಣ್ಣಾರ. ಮುಂದಿನ ಸಲ ಚೌಕಾಸಿ ಮಾಡಬ್ಯಾಡ್ರಿ, ಅಷ್ಟ ಸಾಕು.”

ತಂಗಿಯ ಮೊಮ್ಮಗನಿಗೊಂದು ತೊಟ್ಟಿಲು ಹೇಳಿ ಬಂದೆವು. ಬೆಲೆಯನ್ನು ಮಗಳೇ ಅವರೊಂದಿಗೆ ಕುಳಿತು ಲೆಕ್ಕಹಾಕಿ ಚೀಟಿಯಲ್ಲಿ ಬರೆದಳು.