ಹಾರಿ ಹೋಯ್ತು ಅಂದ್ರೆ ಮುಗೀತಾ?

ಕುವೈತಿನಲ್ಲಿ ಒಂದೇ ಒಂದು ನದಿ ಇಲ್ಲ. ಕೆರೆಯೂ ಇಲ್ಲ. ನಲ್ಲಿಯಲ್ಲಿ ಬರೋ ನೀರು ಬಹುಪಾಲು ಸಮುದ್ರದ್ದೇ, ಉಪ್ಪು ತೆಗೆದು ಕೊಡ್ತಾರೆ. ಅಂಥ ಊರಲ್ಲಿ ಕೂತ್ಕೊಂಡು ಸಿಹಿನೀರಿನ ಪಾಚಿ ಬಗ್ಗೆ ಬರೀತಿದೀನಿ ಅಂದ್ರೆ, ಇವನಿಗೆ ಬಿಸಿಲು ತಲೆಗೇರಿದೆ ಅಂದ್ಕೋಬೇಡಿ :)

ವಿಷಯ ಇಷ್ಟು. ನಾನೀಗ ಮಾಡ್ತಿರೋದು ಗೋದಾಮಿನಲ್ಲಿರೋ ರಾಸಾಯನಿಕಗಳ ಲೆಕ್ಕ ಇಡೋ ಸಾಫ್ಟ್‌ವೇರು. ಬಣ್ಣ ತೆಳು ಮಾಡೋ ಥಿನ್ನರ್ರು, ಗ್ರೀಸ್ ತೊಳೆಯೋ ದ್ರಾವಕ, ಇಂಥವೇ ಹೆಚ್ಚು. ಪ್ರತಿಯೊಂದರ ಜೊತೆಗೂ ಸೇಫ್ಟಿ ಡೇಟಾ ಶೀಟ್ ಅಂತ ಬರುತ್ತೆ, ಅದರಲ್ಲಿ 16 ಭಾಗ. 12ನೇದು ಪರಿಸರದ್ದು. ಮೀನಿಗೆ, ನೀರುಚಿಗಟಕ್ಕೆ, ಪಾಚಿಗೆ ಇದು ಎಷ್ಟು ವಿಷ ಅನ್ನೋ ಅಂಕಿಗಳು ಅಲ್ಲಿರಬೇಕು.

ಸ್ಟೋರ್ ನೋಡ್ಕೊಳ್ಳೋ ಮಂಗಳೂರಿನ ಹಿರಿಯರೊಬ್ಬರು ಸ್ಕ್ರೀನ್ ನೋಡಿ ನಕ್ಕರು. "ಈ ಪಾಚಿ ಕಾಲಂ ಎಂತಕ್ಕೆ ಮಾರಾಯ? ಇಲ್ಲಿ ಪಾಚಿ ಎಲ್ಲುಂಟು? ಥಿನ್ನರ್ ಚೆಲ್ಲಿದ್ರೆ ಈ ಬಿಸಿಲಿಗೆ ಎರಡೇ ನಿಮಿಷ, ಹಾರಿ ಹೋಗ್ತದೆ. ತೆಗ್ದುಬಿಡು."

ಮಜಾ ಏನಂದ್ರೆ, ಆ ಕಾಲಂನ ಅಂಕಿಗಳನ್ನ ಕೆಡಿಸೋದೂ ಇದೇ 'ಹಾರಿ ಹೋಗೋದು'!

ಪರೀಕ್ಷೆ ಹೀಗಿರುತ್ತೆ. ಇದಕ್ಕೆ ಹೆಚ್ಚಾಗಿ ಬಳಸೋ ಪಾಚಿಯ ಹೆಸರು ರಾಫಿಡೋಸೆಲಿಸ್. ಒಂದೇ ಜೀವಕೋಶದ, ಚಂದ್ರನ ತುಣುಕಿನ ಹಾಗಿರೋ ಹಸಿರು ಪಾಚಿ. 1959ರಲ್ಲಿ ನಾರ್ವೆಯ ನಿಟೆಲ್ವಾ ನದಿಯಿಂದ ತೆಗೆದ ತಳಿ ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೀತಿದೆ. ಸಾಲಾಗಿ ಫ್ಲಾಸ್ಕ್ ಇಟ್ಟು, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ದ್ರಾವಕ ಹಾಕಿ, ಬೆಳಕು ಕೊಟ್ಟು 72 ಗಂಟೆ ಬಿಡ್ತಾರೆ. ಏನೂ ಬೆರೆಸದ ಫ್ಲಾಸ್ಕಿನಲ್ಲಿ ಪಾಚಿ ಕನಿಷ್ಠ 16 ಪಟ್ಟು ಬೆಳೀಬೇಕು, ಇಲ್ಲಾಂದ್ರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ಬೆಳವಣಿಗೆಯ ವೇಗ ಅರ್ಧಕ್ಕೆ ಇಳಿಯೋ ಪ್ರಮಾಣ ಎಷ್ಟು ಅಂತ ನೋಡ್ತಾರೆ. ಅದು ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ರೆ ಅತಿ ವಿಷದ ದರ್ಜೆ. 100 ದಾಟಿದ್ರೆ ಈ ದರ್ಜೆಗಳಿಂದಲೇ ಹೊರಗೆ.

ಈಗ ನೋಡಿ. ಪಾಚಿ ಉಸಿರಾಡಲಿ ಅಂತ ಫ್ಲಾಸ್ಕಿನ ಬಾಯಿಗೆ ಗಾಳಿ ಆಡೋ ಹಾಗೆ ಹತ್ತಿ ಇಡೋದು ವಾಡಿಕೆ. ಟಾಲ್ವೀನಿನಂಥ ದ್ರಾವಕ ಹಾಕಿದ್ರೆ ಮೂರು ದಿನದಲ್ಲಿ ಬಹಳಷ್ಟು ಗಾಳಿಗೆ ಹೋಗಿಬಿಡುತ್ತೆ. ಪಾಚಿ ಹಾಯಾಗಿ ಬೆಳೆಯುತ್ತೆ. ಹಾಕಿದ ಲೆಕ್ಕವನ್ನೇ ಬರೆದ್ರೆ "ಅಷ್ಟೇನೂ ವಿಷ ಅಲ್ಲ" ಅಂತ ಉತ್ತರ! ಪಾಪ, ಪಾಚಿ ಆ ವಿಷವನ್ನ ಸರಿಯಾಗಿ ಕಂಡೇ ಇರಲ್ಲ. ಅದಕ್ಕೇ ಇಂಥವನ್ನ ಕಂಠದವರೆಗೂ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿದ ಸೀಸೆಯಲ್ಲಿ ಪರೀಕ್ಷಿಸಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ತಪ್ಪುತ್ತಲ್ಲ, ಅದಕ್ಕೆ ನಮ್ಮ ಅಡುಗೆ ಸೋಡಾನೇ ಬೆರೆಸ್ತಾರೆ. ನೀರಿನಲ್ಲಿ ದ್ರಾವಕ ನಿಜವಾಗಿ ಎಷ್ಟು ಉಳೀತು ಅಂತ ಅಳೀತಾರೆ.

ಹೊರಗೂ ಹಾಗೇ. ಬಿಸಿಲಲ್ಲಿ ಚೆಲ್ಲಿದ್ದು ಹಾರಬಹುದು. ಮುಚ್ಚಿದ ಚರಂಡಿಗೆ ಸುರಿದದ್ದು, ನೆಲದೊಳಕ್ಕೆ ಇಳಿದದ್ದು ಅಷ್ಟು ಸುಲಭಕ್ಕೆ ಹಾರಲ್ಲ. ಇದೇ ಕುವೈತಿನ ಉತ್ತರಕ್ಕೆ ರೌದತೈನ್ ಅನ್ನೋ ಕಡೆ ನೆಲದಡಿ ಸಿಹಿನೀರಿದೆ. 1991ರ ಯುದ್ಧದಲ್ಲಿ ಎಣ್ಣೆಬಾವಿಗಳು ಹೊತ್ತಿ ಉರಿದ ಮೇಲೆ, ಚೆಲ್ಲಿದ ಎಣ್ಣೆಯ ಅಂಶ ಅಲ್ಲಿಯವರೆಗೂ ಇಳೀತು. ನಮ್ಮ ಬೆಂಗಳೂರಲ್ಲೋ, ಚರಂಡಿಗೆ ಬಿದ್ದದ್ದು ವೃಷಭಾವತಿಯಲ್ಲಿ ಹರಿದು ಬೈರಮಂಗಲದ ಕಡೆ ಹೋಗಿ, ಅರ್ಕಾವತಿ ಸೇರಿ, ಕೊನೆಗೆ ಕಾವೇರಿಗೆ.

ಮೀನು ಸತ್ತು ತೇಲಿದ್ರೆ ಟೀವಿಯವರು ಬರ್ತಾರೆ. ಪಾಚಿ ಸತ್ರೆ ಯಾರಿಗೆ ಗೊತ್ತಾಗುತ್ತೆ? ಪಾಚಿ ಅಂದ್ರೆ ನಮಗೆ ಬಾವಿಕಟ್ಟೆ ಮೇಲೆ ಕಾಲು ಜಾರಿಸೋ ಪೀಡೆ ಅಷ್ಟೇ. ಆದ್ರೆ ಅದನ್ನ ತಿಂದು ನೀರುಚಿಗಟ, ನೀರುಚಿಗಟ ತಿಂದು ಮರಿಮೀನು. ಊಟದ ಮೊದಲ ಪಂಕ್ತಿ ಅದು.

ಕೊನೆಗೆ ಆ ಕಾಲಂ ಉಳೀತು. ಪಕ್ಕದಲ್ಲಿ ಇನ್ನೊಂದು ಸೇರಿಸಿದೆ: ಸೀಸೆ ಮುಚ್ಚಿತ್ತಾ, ತೆರೆದಿತ್ತಾ? ಎಷ್ಟೋ ಶೀಟುಗಳಲ್ಲಿ ಪಾಚಿಯ ಜಾಗ ಖಾಲಿ ಇರುತ್ತೆ. ಅಲ್ಲಿ ಸೊನ್ನೆ ತೋರಿಸದೆ, ಕೆಂಪಕ್ಷರದಲ್ಲಿ "ಪರೀಕ್ಷೆಯ ಮಾಹಿತಿ ಇಲ್ಲ" ಅಂತ ಬರೋ ಹಾಗೆ ಮಾಡಿದೀನಿ. ಖಾಲಿ ಬಿಟ್ರೆ ಓದೋರು "ತೊಂದ್ರೆ ಇಲ್ಲ" ಅಂತ್ಲೇ ಓದ್ಕೊಳ್ತಾರೆ.

ಅಂದ ಹಾಗೆ, ನಿಮ್ಮ ಮನೆಗೆ ಬಣ್ಣ ಹೊಡಿಸಿದಾಗ ಬ್ರಷ್ ತೊಳೆದ ಥಿನ್ನರ್ ಎಲ್ಲಿಗೆ ಹೋಯ್ತು? ಸ್ವಲ್ಪ ನೆನಪು ಮಾಡ್ಕೊಳ್ಳಿ.